ನಾನು ಹಾಕಿಸಿದ ಬೀಗವನ್ನು ಕಿತ್ತು ಬಿಸಾಡಬೇಡಿ

ಆನ್‌ಲೈನ್ ಜೂಜಿನ ನಿಷೇಧಕ್ಕೆ ಕರಡು ಬರೆಯುತ್ತಿರುವ ದೊಡ್ಡ ಅಧಿಕಾರಿಗಳೇ,

ಈ ನಿಷೇಧ ನನಗೆ ಬೇಡ. ಸುತ್ತಿ ಬಳಸದೆ ಮೊದಲ ಸಾಲಿನಲ್ಲೇ ಬರೆದಿದ್ದೇನೆ, ಮಾನ್ಯರೇ. ಹತ್ತನೇ ಸಾಲಿನವರೆಗೆ ಓದುವ ಪುರುಸೊತ್ತು ನಿಮ್ಮ ಕಚೇರಿಯಲ್ಲಿ ಯಾರಿಗಿದೆಯೋ ನನಗೆ ತಿಳಿಯದು. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ಇಸ್ಪೀಟು, ಕ್ರಿಕೆಟ್ಟಿನ ಬಾಜಿ ಎಲ್ಲವನ್ನೂ ಒಂದೇ ಏಟಿಗೆ ಬಂದ್ ಮಾಡುತ್ತೀರಂತೆ. ಸಾರ್ವಜನಿಕರು ಆಕ್ಷೇಪಣೆ ಇದ್ದರೆ ತಿಳಿಸಬಹುದಂತೆ. ಮೊಮ್ಮಗಳು ಸ್ನೇಹಾ ಪೇಪರ್ ಓದಿ ಹೇಳಿದಳು. ಸಾರ್ವಜನಿಕರು ಅಂದರೆ ಯಾರೇ ಅಂದೆ. "ನೀನೂನೂ ಅಜ್ಜಿ" ಅಂದಳು. ಹಾಗಾದರೆ ತಿಳಿಸುತ್ತೇನೆ.

ನನ್ನ ಹೆಸರು ಮರುಳಸಿದ್ದಮ್ಮ. ಹುಟ್ಟಿದ್ದು ಭಾನುವಳ್ಳಿ, ಬಾಳಿದ್ದು ದಾವಣಗೆರೆಯ ಆನೆಕೊಂಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಅಕ್ಷರ ದೊಡ್ಡದಾಗಿ ಬರೆಯುತ್ತೇನೆ, ಹಾಗಾಗಿ ಕಾಗದ ಉದ್ದ ಕಾಣುತ್ತದೆ, ಹೆದರಬೇಡಿ. ಈ ಮುದುಕಿಗೆ ಕಂಪನಿಯವರು ಎಷ್ಟು ಕೊಟ್ಟರು ಎಂಬ ಅನುಮಾನ ನಿಮಗೆ ಈಗಾಗಲೇ ಬಂದಿರುತ್ತದೆ. ಕಂಪನಿಯಿಂದ ನನ್ನ ಮನೆಗೆ ಬಂದದ್ದು ಒಂದೇ ವಸ್ತು. ಒಂದು ಪಿಂಗಾಣಿ ಲೋಟ. ಅದರ ಮೇಲೆ ಬಂಗಾರದ ಬಣ್ಣದಲ್ಲಿ ನನ್ನ ಹೆಸರು. ಅದು ಯಾಕೆ ಬಂತು ಅಂತ ಕೇಳಿದರೆ ನಿಮ್ಮ ಕರಡಿನಲ್ಲಿ ಏನು ತಪ್ಪಿದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ನನ್ನ ಮಗ ನಾಗಭೂಷಣ್ ಮಂಡಕ್ಕಿ ಭಟ್ಟಿಗಳಿಂದ ಅಂಗಡಿಗಳಿಗೆ ಮೂಟೆ ಸಾಗಿಸುವ ಲಗೇಜ್ ಆಟೋ ಓಡಿಸುತ್ತಾನೆ. ಕೆಲವು ವರ್ಷಗಳ ಹಿಂದೆ ಫೋನಿನಲ್ಲಿ ರಮ್ಮಿ ಹಿಡಿದ. ಒಬ್ಬ ಮನುಷ್ಯ ದಿನಕ್ಕೆ ಇಷ್ಟೇ ಕಟ್ಟಬೇಕು ಅಂತ ಆ ಕಂಪನಿಯಲ್ಲಿ ಮಿತಿ ಇತ್ತಂತೆ. ಮಿತಿ ಮುಟ್ಟಿದ ಮೇಲೆ ಅವನು ಇನ್ನೊಬ್ಬ ಮನುಷ್ಯನನ್ನು ಹುಡುಕಿದ. ಆ ಇನ್ನೊಬ್ಬ ಮನುಷ್ಯ ನಾನು. ನಮ್ಮ ಯಜಮಾನರು ಮಿಲ್ಲಿನಲ್ಲಿದ್ದವರು. ಅವರು ಹೋದ ಮೇಲೆ ಅವರ ಪಿಂಚಣಿ ನನಗೆ ಬರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ನಾನು ಇನ್ನೂ ಬದುಕಿದ್ದೇನೆ ಅಂತ ತೋರಿಸಬೇಕು. ಫೋನಿನ ಮುಂದೆ ಮುಖ ಹಿಡಿದು ಕಣ್ಣು ಮಿಟುಕಿಸಿದರೆ ಸರ್ಕಾರಕ್ಕೆ ನಂಬಿಕೆ ಬರುತ್ತದೆ. ಆ ವರ್ಷ ಮಗ ಎರಡು ಸಲ ಬಂದ. "ಅವ್ವಾ, ಕಣ್ಣು ಮಿಟುಕಿಸು" ಅಂದ. ಮಿಟುಕಿಸಿದೆ. "ಹೋದ ತಿಂಗಳು ಆತಲ್ಲೋ" ಅಂದೆ. "ಸರ್ವರ್ ಕೆಟ್ಟಿತ್ತಂತೆ, ಇನ್ನೊಂದ್ಸಲ" ಅಂದ. ಸರ್ಕಾರದ ಕೆಲಸ ಎರಡು ಸಲ ಮಾಡಬೇಕಾಗುತ್ತದೆ ಅನ್ನುವುದರಲ್ಲಿ ನನಗೆ ಅನುಮಾನವೇನೂ ಬರಲಿಲ್ಲ. ನಿಮಗಾದರೂ ಬರುತ್ತಿತ್ತೇ?

ಆರು ತಿಂಗಳ ಮೇಲೆ ಲೋಟ ಬಂತು. ಪಿಂಚಣಿಯವರು ಕಳಿಸಿದ್ದಾರೆ ಅಂದುಕೊಂಡೆ. ಅದರಲ್ಲೇ ಕಾಫಿ ಕುಡಿದೆ. ಅದಾದ ಮೇಲೆ ಒಂದು ದಿನ ಮಗ ಜ್ವರ ಬಂದು ಮಲಗಿದ್ದಾಗ ನನ್ನ ಫೋನಿಗೆ ಒಬ್ಬ ಹುಡುಗಿ ಕರೆ ಮಾಡಿದಳು.

"ಮರುಳಸಿದ್ದಮ್ಮ ಮೇಡಂ ಅವರಾ? ನಾಲ್ಕು ದಿನದಿಂದ ನೀವು ಆಟಕ್ಕೇ ಬಂದಿಲ್ಲ ಮೇಡಂ. ನಾವೆಲ್ಲ ನಿಮ್ಮನ್ನ ತುಂಬಾ ನೆನೆಸ್ಕೊಳ್ತಿದ್ವಿ."

"ಯಾವ ಆಟನವ್ವಾ? ನಾನು ಕುಂಟಬಿಲ್ಲೆ ಬಿಟ್ಟು ಅರವತ್ತು ವರ್ಷ ಆತು."

"ರಮ್ಮಿ ಮೇಡಂ. ನೀವು ನಮ್ಮ ಗೋಲ್ಡ್ ಸದಸ್ಯರು. ಗಿಫ್ಟ್ ತಲುಪಿತಲ್ವಾ?"

ನಾನು ಮಗನ ಕಡೆ ನೋಡಿದೆ. ಅವನು ಕಂಬಳಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡ. ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಆಡೋಳು ನಾನೇ ಅಂದ ಮ್ಯಾಲೆ ಬಿಡೋಳೂ ನಾನೇ ಅಲ್ಲೇನವ್ವಾ? ಬಂದ್ ಮಾಡು."

"ಮೇಡಂ, ನಿಮಗೆ ಬೋನಸ್ ಇದೆ..."

"ನಿನ್ನ ಬೋನಸ್ಸು ನೀನೇ ಇಟ್ಕ. ಬಂದ್ ಮಾಡಾಕ ದಾರಿ ಐತೋ ಇಲ್ಲೋ, ಅಷ್ಟು ಹೇಳು."

ಹುಡುಗಿ ದನಿ ತಗ್ಗಿಸಿ, "ಇದೆ ಅಜ್ಜಿ" ಅಂದಳು. ಮೇಡಂ ಹೋಗಿ ಅಜ್ಜಿ ಆಗಿದ್ದೆ. "ನಾಳೆ ಆಫೀಸ್ ನಂಬರಿಗೆ ಮಾಡಿ, ಪರ್ಮನೆಂಟ್ ಬ್ಲಾಕ್ ಅಂತ ಕೇಳಿ. ಅದೇ ಮಾತು ಹೇಳಿ. ಬೇರೆ ಏನು ಹೇಳಿದ್ರೂ ಮತ್ತೆ ಬೋನಸ್ಸೇ ಕೊಡ್ತಾರೆ."

ಅದೇ ಮಾತು ಹೇಳಿದೆ. ಒಂದು ಸಲ ಅಲ್ಲ, ಹದಿನೆಂಟು ದಿನ ಹೇಳಿದೆ. ಕಂಪನಿಯವರು ಸಾಚಾ ಅಂತ ನಾನು ಎಲ್ಲೂ ಬರೆದಿಲ್ಲ, ನೋಡಿಕೊಳ್ಳಿ. ಒಬ್ಬ ಯೋಚನೆ ಮಾಡಿ ಅಂದ, ಇನ್ನೊಬ್ಬ ವಾರ ಬಿಟ್ಟು ಮಾಡಿ ಅಂದ, ಮತ್ತೊಬ್ಬ ಹಿಂದಿಯಲ್ಲಿ ಏನೋ ಅಂದ, ನಾನು ಅವನಿಗೆ ಕನ್ನಡದಲ್ಲಿ ಏನೋ ಅಂದೆ. ಕಡೆಗೆ ಮತ್ತೆ ಮುಖ ತೋರಿಸಿ ಅಂದರು. ಮೂರನೇ ಸಲ ಕಣ್ಣು ಮಿಟುಕಿಸಿದೆ. ನನ್ನ ಹೆಸರಿನ ಖಾತೆ ಮುಚ್ಚಿತು. ಮಗನನ್ನು ಎದುರಿಗೆ ಕೂರಿಸಿಕೊಂಡು ಅವನ ಖಾತೆಯನ್ನೂ ಅವನ ಕೈಯಲ್ಲೇ ಮುಚ್ಚಿಸಿದೆ. ಎಪ್ಪತ್ತು ವರ್ಷದಲ್ಲಿ ಇಷ್ಟು ದೊಡ್ಡ ಬಾಗಿಲೊಂದು ನನ್ನ ಮಾತು ಕೇಳಿ ಮುಚ್ಚಿದ್ದು ಅದೇ ಮೊದಲು. ಸೊಸೆ ನೇತ್ರಾವತಿಯೂ ನಮ್ಮ ಭಾನುವಳ್ಳಿಯವಳೇ; ಸಿಟ್ಟು ಮಾಡಿಕೊಂಡು ಅಲ್ಲಿಯ ತವರಿಗೆ ಹೋಗಿದ್ದವಳು, ಸ್ನೇಹಾಳನ್ನು ಕರೆದುಕೊಂಡು ವಾಪಸ್ ಬಂದಳು. ಮಗ ಬೆಳಿಗ್ಗೆ ಆಟೋ ತೆಗೆಯುತ್ತಿದ್ದ, ಸಂಜೆ ಬಂದು ಉಣ್ಣುತ್ತಿದ್ದ. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಯಾವ ದೇವರ ಹತ್ತಿರವೂ ಬೇಡಿಕೊಂಡವಳಲ್ಲ.

ಅಷ್ಟರಲ್ಲಿ ನೀವು ನಮ್ಮನ್ನು ಉದ್ಧಾರ ಮಾಡಿದಿರಿ. ಹಿಂದೊಮ್ಮೆ ಇದೇ ನಿಷೇಧ ತಂದಿದ್ದಿರಲ್ಲ, ನೆನಪಿದೆಯೇ? ನಮಗಿದೆ. ನಮ್ಮ ಓಣಿಯ ವಾಮದೇವಪ್ಪ ಮೇಷ್ಟ್ರು ಪೇಡೆ ಹಂಚಿದರು. "ಮರುಳಸಿದ್ದಕ್ಕ, ಬಾಯಿ ತೆಗೀರಿ, ನಿಮ್ಮ ಮನಿ ಪೀಡೆ ತೊಲಗ್ತು" ಅಂದರು. ತಿಂದೆ. ಪೇಡೆ ಚೆನ್ನಾಗಿತ್ತು.

ನಮ್ಮ ರಾಜ್ಯದಲ್ಲಿ ಕಂಪನಿ ಅಂಗಡಿ ಮುಚ್ಚಿತು. ಆಡುವವರು ಆಟ ಬಿಟ್ಟರೇ? ಹದಿನೈದು ದಿನಕ್ಕೆ ಆಟೋ ಸ್ಟ್ಯಾಂಡಿಗೆ ಒಬ್ಬ ಬರತೊಡಗಿದ. ಬಿಳಿ ಅಂಗಿ, ಒಳ್ಳೆಯ ಮಾತು, ಎಲ್ಲರಿಗೂ ಚಹಾ ಕೊಡಿಸುವವನು. ಅವನು ಫೋನಿಗೆ ಒಂದು ಲಿಂಕ್ ಕಳಿಸುತ್ತಿದ್ದ. ಅದಕ್ಕೆ ಆಧಾರ್ ಬೇಡ, ಹೆಸರು ಬೇಡ, ಮುಖ ಬೇಡ, ಕಣ್ಣು ಮಿಟುಕಿಸುವುದು ಬೇಡ, ಮಿತಿ ಬೇಡ. ನನ್ನ ಮಗನಿಗೆ ತಾಯಿಯ ಅವಶ್ಯಕತೆಯೇ ಬೀಳಲಿಲ್ಲ. ಮೊದಲು ಆಡುವವರು ಚೆದುರಿಕೊಂಡಿದ್ದರು. ನೀವು ಎಲ್ಲರನ್ನೂ ಒಟ್ಟು ಮಾಡಿ ಅವನ ಕೈಗೆ ಕೊಟ್ಟಿರಿ. ಎರಡೂವರೆ ತಿಂಗಳಿಗೆ ಆಟೋ ಹೋಯಿತು. ಸೊಸೆ ಮತ್ತೆ ಭಾನುವಳ್ಳಿ ಬಸ್ ಹತ್ತಿದಳು. ಹೋಗುವಾಗ, "ಅತ್ತೆ, ಈ ಸಲ ಯಾರಿಗೆ ಫೋನ್ ಮಾಡ್ತೀರಿ?" ಅಂದಳು. ಚುಚ್ಚಲಿಕ್ಕೆ ಅಂದದ್ದಲ್ಲ, ನಿಜವಾಗಿಯೂ ಕೇಳಿದಳು.

ಯಾರಿಗೆ ಮಾಡಲಿ? ನಂಬರ್ ಇರಲಿಲ್ಲ. ಬೋನಸ್ ಕೊಡುವ ಹುಡುಗಿಯೂ ಇರಲಿಲ್ಲ. ಠಾಣೆಗೆ ಹೋದೆ. ಅಲ್ಲಿದ್ದವರು ಒಳ್ಳೆಯವರೇ, ಕುರ್ಚಿ ಕೊಟ್ಟರು.

"ಕೂಡ್ರಿ ಅಜ್ಜಿ. ಆ ಆಟ ಈಗ ನಿಷೇಧ ಆಗೈತಲ್ಲ?"

"ಆಗೈತೆ ಸ್ವಾಮಿ. ನಮ್ಮನ್ಯಾಗೆ ನಡೀತೈತೆ."

"ಹಂಗಂತ ನೀವು ಬರ್ಕೊಟ್ರೆ ಮೊದ್ಲು ನಿಮ್ಮ ಮಗನ್ನೇ ಒಳಗೆ ಹಾಕ್ಬೇಕಾಗ್ತೈತೆ. ಆಡೋನೂ ಅಪರಾಧಿನೇ ಈಗ. ಬರ್ಕೊಡ್ತೀರಾ?"

ಹಾಳೆ, ಪೆನ್ನು ಮುಂದಿಟ್ಟರು. ನಾನು ಬರೆಯಲಿಲ್ಲ. ನೀವಾಗಿದ್ದರೆ ಬರೆಯುತ್ತಿದ್ದಿರೇ? ಮೊದಲು ಆಡಿದರೆ ಅದು ಅವನ ಚಟ. ಯಾರಿಗಾದರೂ ಹೇಳಬಹುದಿತ್ತು, ಡಾಕ್ಟರ ಹತ್ತಿರ ಕರೆದೊಯ್ಯಬಹುದಿತ್ತು. ಈಗ ಅದು ಅವನ ಗುಟ್ಟು. ನಮ್ಮ ಮನೆಯಲ್ಲಿ ಎಲ್ಲರೂ ಬಾಯಿ ಮುಚ್ಚಿಕೊಂಡು ಆ ಗುಟ್ಟನ್ನು ಕಾಯುವ ಹಾಗೆ ನಿಮ್ಮ ಕಾನೂನು ಮಾಡಿತು.

ಮುಂದಿನ ವಾರ ಒಂದು ರಾತ್ರಿ ಮಗ ಮನೆಗೆ ಬರಲಿಲ್ಲ. ಮರುದಿನ ಮಧ್ಯಾಹ್ನ ಹರಿಹರದಿಂದ ಫೋನ್ ಬಂತು. ರೈಲ್ವೆ ಸ್ಟೇಷನ್ ಹೊರಗೆ ಬಾಳೆಹಣ್ಣು ಮಾರುವ ಅಮೀನಾಬೀ ಎಂಬಾಕೆ, ಅವನ ಫೋನಿನಿಂದಲೇ ಮಾಡಿದ್ದಳು.

"ಅಮ್ಮಾ, ನಿಮ್ಮ ಮಗ ಇಲ್ಲಿ ಕೂತಾನ್ರಿ. ನಿನ್ನೆಯಿಂದ ಕೂತಾನೆ. ಎಷ್ಟೋ ರೈಲು ಬಂದ್ವು, ಹೋದ್ವು. ಇವ್ನು ರೈಲು ಹತ್ತಾಕೆ ಬಂದೋನಲ್ಲ, ನಂಗೆ ಗೊತ್ತಾತು. ಬುಟ್ಟಿ ತಂದು ಪಕ್ಕದಾಗೇ ಇಟ್ಕಂಡು ಕುಂತೀನಿ. ಬೇಗ ಬರ್ರಿ."

ಹೋದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಆಕೆ ಕೂತಿದ್ದಳು. ಏನಾದರೂ ತಿಂದನೇ ಅಂತ ಕೇಳಿದೆ.

"ಎರಡು ಹಣ್ಣು ತಿನ್ಸೀನಿ. ಇವತ್ತು ಬೈಬ್ಯಾಡ್ರಿ ಅಮ್ಮಾ. ನಾಳೆ ಬೈರಿ."

ಆ ನಾಳೆ ಇನ್ನೂ ಬಂದಿಲ್ಲ. ನನ್ನ ನಾಲಿಗೆ ಆನೆಕೊಂಡದಲ್ಲಿ ಹೆಸರುವಾಸಿ, ನಲ್ಲಿ ಹತ್ತಿರ ಕೇಳಿ ನೋಡಿ. ಅವನ ಮೇಲೆ ಮಾತ್ರ ಏಳುವುದಿಲ್ಲ. ಅಳುವೂ ಬರುವುದಿಲ್ಲ. ಅವತ್ತು ಅವನನ್ನು ಬಸ್ಸಿನಲ್ಲಿ ಕರೆತಂದು, ಕೈಕಾಲು ತೊಳೆದು, ಅನ್ನಕ್ಕಿಟ್ಟೆ. ಅನ್ನ ಬೆಂದಿತು. ಬಡಿಸಿದೆ. ಪಕ್ಕದ ಮನೆಯಲ್ಲಿ ಯಾರೋ ಜೋರಾಗಿ ನಕ್ಕರು, ಅದು ದೂರದ ಊರಿನಲ್ಲಿ ಕೇಳಿದ ಹಾಗೆ ಕೇಳಿಸಿತು. ಈಗಲೂ ಹಾಗೇ ಕೇಳಿಸುತ್ತದೆ. ಮೊಮ್ಮಗಳು ಕ್ಲಾಸಿಗೆ ಮೊದಲು ಬಂದಳು ಅಂದರೂ ಅಷ್ಟೇ, ಬಳಗದಲ್ಲಿ ಯಾರೋ ತೀರಿಕೊಂಡರು ಅಂದರೂ ಅಷ್ಟೇ. ಡಾಕ್ಟರು ವಯಸ್ಸು ಅನ್ನುತ್ತಾರೆ. ಇರಬಹುದು.

ಕೆಲವು ತಿಂಗಳಲ್ಲಿ ಕೋರ್ಟು ನಿಮ್ಮ ಕಾನೂನನ್ನು ರದ್ದು ಮಾಡಿತು. ಕಂಪನಿಗಳು ವಾಪಸ್ ಬಂದವು. ಆಡುವ ಮಂದಿ ಹೆಸರು, ವಿಳಾಸ ಇರುವ ಕಡೆಗೆ ಹೋದರು. ಬಿಳಿ ಅಂಗಿಯವನು ಸ್ಟ್ಯಾಂಡಿಗೆ ಬರುವುದು ನಿಂತಿತು. ನನ್ನ ಬೀಗ? ಸ್ನೇಹಾಳ ಕೈಯಲ್ಲಿ ಪರೀಕ್ಷೆ ಮಾಡಿಸಿದೆ. 'ಈ ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ' ಅಂತ ಬಂತು. ನನ್ನ ಮಗ ಬೇರೆಯವರ ಆಟೋ ಓಡಿಸುತ್ತಾನೆ. ಸೊಸೆ ಮನೆಯಲ್ಲಿದ್ದಾಳೆ. ನಾಲ್ಕು ವರ್ಷವಾಯಿತು, ಅವನು ಆಡಿಲ್ಲ.

ಹಾಗಾದರೆ ಜೂಜು ಒಳ್ಳೆಯದೇ ಅಂತ ಕೇಳುತ್ತೀರಿ. ಓದಿದವರು ಹೀಗೇ ಕೇಳುವುದು. ನಾನು ಮದುವೆಯಾಗಿ ಬಂದ ಮನೆಯಲ್ಲಿ ಯುಗಾದಿಯ ದಿನ ಗಂಡಸರು ಜಗಲಿಯ ಮೇಲೆ ಇಸ್ಪೀಟು ಹಾಕುತ್ತಿದ್ದರು, ದುಡ್ಡು ಕಟ್ಟಿಯೇ. ಮರುದಿನ ಸಂಜೆ ಚಂದ್ರನನ್ನು ನೋಡುವವರೆಗೆ ಮಾತ್ರ. ನಮ್ಮ ಅತ್ತೆ ಅಂಗಳದಲ್ಲಿ ಆಕಾಶ ನೋಡುತ್ತ ನಿಂತಿರುವರು. ಚಂದ್ರ ಕಂಡದ್ದೇ, "ಬಂದ ನೋಡ್ರಿ, ಏಳ್ರಿ ಮ್ಯಾಕೆ" ಅಂದು ಎಲೆಗಳನ್ನು ಬಾಚಿ ಸೆರಗಿಗೆ ಕಟ್ಟುವರು. ಗೆಲ್ಲುತ್ತಿದ್ದವನೂ ಏಳಬೇಕು, ಸೋತವನೂ ಏಳಬೇಕು. ಒಮ್ಮೆ ನಮ್ಮ ಮಾವ, "ಒಂದಾಟ ಕಣೇ" ಅಂದರು. "ಚಂದ್ರಪ್ಪನ್ನ ಕೇಳ್ರಿ, ವಾಪಸ್ ಹೋಗ್ತಾನೇನೋ" ಅಂದರು ಅತ್ತೆ. ಆಟ ಜಗಲಿಯ ಮೇಲಿತ್ತು, ಅದಕ್ಕೇ ಹೆಂಗಸೊಬ್ಬಳ ಕೈಗೆ ಎಟುಕುತ್ತಿತ್ತು. ಊರಾಚೆ ಹಳ್ಳದಲ್ಲಿ ಕದ್ದು ಆಡಿದ್ದರೆ ಅತ್ತೆ ಎಲ್ಲಿಗೆ ಹೋಗಿ ಎಲೆ ಬಾಚಬೇಕಿತ್ತು? ಇನ್ನು ನಿಷೇಧದ ಮಾತು. ಓಸಿ ಮಟ್ಕಾ ನಂಬರ್ ಬರೆಯುವುದು ನಿಷೇಧವಾಗಿ ಎಷ್ಟು ಕಾಲವಾಯಿತು? ನಿಮ್ಮ ಜವಾನನನ್ನು ಕರೆದು ಇವತ್ತಿನ ನಂಬರ್ ಯಾವುದು ಅಂತ ಕೇಳಿ. ಅವನು ತಲೆ ಕೆರೆದರೆ, ಗೊತ್ತಿಲ್ಲದೆ ಅಲ್ಲ, ನಿಮ್ಮ ಮುಂದೆ ಹೇಗೆ ಹೇಳುವುದು ಅಂತ.

ಹೋದ ಸೋಮವಾರ ಮಗ ಮಧ್ಯಾಹ್ನವೇ ಮನೆಗೆ ಬಂದ. ನನ್ನ ಎದುರಿಗೆ ಕೂತ.

"ಅವ್ವಾ, ಅವ್ನು ಮತ್ತೆ ಬಂದಿದ್ದ. ಬಿಳಿ ಅಂಗಿಯೋನು. ಎಲ್ಲರಿಗೂ ಚಹಾ ಕೊಡ್ಸಿದ. ಬಂದ್ ಆಗ್ಲಿ ಬಿಡ್ರಣ್ಣಾ, ನಾನಿಲ್ವಾ ಅಂದ."

"ನೀನೇನಂದೆ?"

"ಚಹಾ ಕುಡೀಲಿಲ್ಲ. ಆದ್ರೆ ದಿನಾ ಬರ್ತಾನಂತೆ ಅವ್ವಾ. ದಿನಾ ಕುಡೀದಂಗೆ ಇರಾಕ ನನ್ನ ಕೈಲಿ ಆಗ್ತೈತೋ ಇಲ್ಲೋ. ನೀನು ಸರ್ಕಾರಕ್ಕೆ ಬರಿ. ಕಂಪನಿಯೋರು ನಿನ್ನ ಮಾತು ಒಂದ್ಸಲ ಕೇಳ್ಯಾರಲ್ಲ."

ನಲವತ್ತು ದಾಟಿದ ಗಂಡಸು ತನ್ನನ್ನು ಕಾಪಾಡು ಅಂತ ಇದಕ್ಕಿಂತ ನೇರವಾಗಿ ಕೇಳಲಾರ. ನನಗೆ ಆಗಲೂ ಏನೂ ಅನ್ನಿಸಲಿಲ್ಲ. ಪೆನ್ನು ಹುಡುಕಿದೆ.

ಆದ್ದರಿಂದ ನನ್ನ ಕೇಳಿಕೆ ಇದು. ಹೆಸರು, ವಿಳಾಸ ಇರುವವರನ್ನು ಓಡಿಸಬೇಡಿ, ಹಿಡಿದಿಡಿ. ಅವರ ಜಾಹೀರಾತು ನಿಲ್ಲಿಸಿ. ಬೋನಸ್ ನಿಲ್ಲಿಸಿ, ಬಿಟ್ಟವರಿಗೆ ಫೋನ್ ಮಾಡಿ ಕರೆಯುವುದನ್ನು ನಿಲ್ಲಿಸಿ. ಒಂದು ಕಡೆ ಬೀಗ ಹಾಕಿಸಿದರೆ ಎಲ್ಲ ಕಂಪನಿಗಳಲ್ಲೂ ಬೀಳಬೇಕು. ಅದನ್ನು ಹೆಂಡತಿ ಕೇಳಿದರೂ ಹಾಕಬೇಕು, ತಾಯಿ ಕೇಳಿದರೂ ಹಾಕಬೇಕು, ಹದಿನೆಂಟು ದಿನವಲ್ಲ, ಅವತ್ತೇ ಹಾಕಬೇಕು. ಆಡಿದವನನ್ನು ಅಪರಾಧಿ ಮಾಡಬೇಡಿ, ಅವನ ಮನೆಯವರು ಬಾಯಿ ಬಿಡುವ ಹಾಗಿರಲಿ.

ಇಲ್ಲ, ನಿಷೇಧವನ್ನೇ ಮಾಡುತ್ತೇವೆ ಅನ್ನುವುದಾದರೆ, ಕಾನೂನಿನಲ್ಲಿ ಒಂದು ಸಾಲು ಸೇರಿಸಿ. ನಿಷೇಧವಾದ ಮೇಲೆ ನಮ್ಮ ಮನೆಗೆ ಆ ಲಿಂಕ್ ಬಂದರೆ, ಮಗನನ್ನು ಜೈಲಿಗೆ ಕೊಡದೆ ನಾನು ಯಾರ ಬಾಗಿಲು ತಟ್ಟಬೇಕು, ಆ ಅಧಿಕಾರಿ ಯಾರು, ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಬರೆಯಿರಿ. ಆ ಸಾಲು ಬರೆಯಲು ನಿಮ್ಮ ಕೈಯಲ್ಲಿ ಆಗದಿದ್ದರೆ ಉಳಿದ ಸಾಲುಗಳನ್ನೂ ಬರೆಯಬೇಡಿ.

ಇಂತಿ,
ನಿಮ್ಮಿಂದ ಒಮ್ಮೆ ಉದ್ಧಾರವಾಗಿ, ಇನ್ನೊಮ್ಮೆ ಆಗುವ ಶಕ್ತಿ ಇಲ್ಲದವಳು,
ಮರುಳಸಿದ್ದಮ್ಮ
ಆನೆಕೊಂಡ, ದಾವಣಗೆರೆ