ಬೀರುವಿನ ಹಿಂದಿನ ದಾಸವಾಳ

ಚಾಮರಾಜಪೇಟೆ,
೧೧ ಜನವರಿ ೧೯೫೩, ಭಾನುವಾರ

ಶ್ರೀ ವರದರಾಜ ಅವರಿಗೆ, ನಿಮ್ಮ ಶಾಲೆಯಲ್ಲಿ ಕನ್ನಡ ಪಾಠ ಹೇಳುವ ಆಂಡಾಳ್ ಮಾಡುವ ವಂದನೆಗಳು.

ನಿನ್ನೆ ಸಂಜೆ ನಿಮ್ಮ ತಾಯಿಯವರು ಬಂದು ಹೂವು ಹಣ್ಣಿನ ತಟ್ಟೆ ಇಟ್ಟು, ಹಣ್ಣಿನ ಕೆಳಗೆ ನಿಮ್ಮ ಲಕೋಟೆಯನ್ನೂ ಇಟ್ಟುಹೋದರು. ಹೊರಡುವಾಗ ನನ್ನ ತಾಯಿಯ ಹತ್ತಿರ, "ನಿಮ್ಮ ಹುಡುಗಿಗೆ ಬಾಯೇ ಇಲ್ಲ ಕಣ್ರೀ, ನಮ್ಮನೆಗೆ ಹೇಳಿ ಮಾಡಿಸಿದ ಹಾಗಿದಾಳೆ" ಎಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದೆ. ಅವರು ಹೇಳಿದ್ದು ನಿಜ. ಎದುರಿಗೆ ಯಾರಾದರೂ ಇದ್ದರೆ ನನಗೆ ನಾಲಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲಕೋಟೆಯಲ್ಲಿ ಎರಡು ಹಾಳೆಗಳಿದ್ದವು. ಒಂದರಲ್ಲಿ ನಮ್ಮಿಬ್ಬರ ಜಾತಕ ಕೂಡಿಬಂದ ಸಂತೋಷ. ಇನ್ನೊಂದರಲ್ಲಿ ನಾನು ಸಹಿ ಹಾಕಿ ನಾಳೆ ಹೆಡ್‌ಮಾಸ್ಟರ್ ನಂಜುಂಡಯ್ಯನವರಿಗೆ ಒಪ್ಪಿಸಬೇಕಾದ ಹೇಳಿಕೆ: ಇನ್‌ಸ್ಪೆಕ್ಟರು ಬಂದ ದಿನ ಬೆಳಿಗ್ಗೆ, ಕೊನೆಯ ತರಗತಿಯ ಮಹಾನಂದ ಗಂಜಿಯ ಸೀಸೆ ಹಿಡಿದು ವಿಜ್ಞಾನದ ಕೊಠಡಿಯಿಂದ ಹೊರಬಂದುದನ್ನು ನಾನು ಕಣ್ಣಾರೆ ಕಂಡೆನಂತೆ. ಅಕ್ಷರ ಮುತ್ತಿನಂತಿದೆ. ನಿಮ್ಮ ಅಕ್ಷರ ಯಾವತ್ತೂ ಹಾಗೆಯೇ, ಕರಿಹಲಗೆಯ ಮೇಲೆ ತಪ್ಪು ಬರೆಯುವಾಗಲೂ.

ತಪ್ಪು ಎಂದೆ. ಜೂನ್ ತಿಂಗಳಲ್ಲಿ, ಇನ್ನು ವಿಜ್ಞಾನವನ್ನೂ ಕನ್ನಡದಲ್ಲೇ ಹೇಳಬೇಕೆಂದು ಆದಾಗ, ನಿಮ್ಮ ಇಂಗ್ಲಿಷ್ ಟಿಪ್ಪಣಿಗಳ ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿದಿರಿ. "ಕನ್ನಡ ಎಂ.ಎ. ಮಾಡಿದೀರಲ್ಲ ಮಿಸ್, ಸ್ವಲ್ಪ ಬಣ್ಣ ಬಳಿದುಕೊಡಿ" ಎಂದಿರಿ. ಆ ಹಾಳೆಗಳ ಅಂಚು ಹಳದಿಯಾಗಿತ್ತು. ನೀವು ಓದುವಾಗ ನಿಮ್ಮ ಮೇಷ್ಟ್ರು ಬರೆಸಿದ್ದನ್ನೇ ನೀವು ಬರೆಸುತ್ತಿದ್ದಿರಿ. ಅರ್ಥವಾಗದೆ ಕನ್ನಡಕ್ಕೆ ತರಲು ನನಗೆ ಬಾರದು. ಆದ್ದರಿಂದ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಎಲೆ ಬಿಸಿಲು, ನೀರು, ಗಾಳಿಯಲ್ಲಿರುವ ಇಂಗಾಲದ ಅನಿಲ ಇವಿಷ್ಟರಿಂದ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳುತ್ತದೆ, ಮಾಡಿದ್ದನ್ನು ಉಸಿರಾಡುತ್ತ ಕರಗಿಸಿ ಬದುಕುತ್ತದೆ ಎಂದು ತಿಳಿದ ದಿನ, ಮನೆಗೆ ಬರುವ ದಾರಿಯ ಮರಗಳನ್ನೆಲ್ಲ ನಿಂತು ನಿಂತು ನೋಡಿದೆ. ನಿಮಗೆ ಹಾಗೆ ಎಂದಾದರೂ ಆಗಿದೆಯೆ? ಆಗಿರಲಾರದು.

ನಿಮ್ಮ ಟಿಪ್ಪಣಿಯಲ್ಲಿ "ಗಿಡಗಳು ಹಗಲು ಆಹಾರ ತಯಾರಿಸುತ್ತವೆ, ರಾತ್ರಿ ಉಸಿರಾಡುತ್ತವೆ" ಎಂದಿತ್ತು. ಹಗಲೂ ಉಸಿರಾಡುತ್ತವೆ ಎಂದು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದೆ. ನೀವು ರಬ್ಬರು ತಂದು ಅಳಿಸಿ, "ನಿಮಗೆ ಷಟ್ಪದಿ ಸಾಕು ಮಿಸ್" ಎಂದು ನಕ್ಕಿರಿ. ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಪೆನ್ಸಿಲಿನಲ್ಲಿ ಬರೆದದ್ದನ್ನೇ ಮಹಾನಂದ ತಾನಾಗಿ ತರಗತಿಯಲ್ಲಿ ಎದ್ದುನಿಂತು ಕೇಳಿದಳು. "ಹಗಲು ಯಾಕೆ ಉಸಿರಾಡಲ್ಲ ಸಾರ್?" "ಹಗಲು ಅಡುಗೆ ಕೆಲಸ ಇರತ್ತಲ್ಲಮ್ಮ" ಎಂದಿರಿ. "ನಮ್ಮಮ್ಮ ಅಡುಗೆ ಮಾಡೋವಾಗ್ಲೂ ಉಸಿರಾಡ್ತಾರೆ ಸಾರ್" ಎಂದಳು. ಪಕ್ಕದ ಕೊಠಡಿಯಲ್ಲಿದ್ದ ನನಗೂ ನಗು ಕೇಳಿಸಿತು. ಪೀರಿಯಡ್ ಮುಗಿಯುವವರೆಗೆ ಅವಳು ಬೆಂಚಿನ ಮೇಲೆ ನಿಂತಿದ್ದಳು. ಹದಿನಾರು ವರ್ಷದ ಹುಡುಗಿಯ ಒಂದು ಪ್ರಶ್ನೆಗೆ ನಿಮ್ಮ ಬಿ.ಎಸ್ಸಿ.ಯಲ್ಲಿ ಇದ್ದ ಉತ್ತರ ಅಷ್ಟೆ.

ಇನ್‌ಸ್ಪೆಕ್ಟರು ಬರುತ್ತಾರೆಂದು ಕುಂಡದ ದಾಸವಾಳವನ್ನು ನೀವೇ ಒಳಗೆ ತರಿಸಿದಿರಿ. ಎಲೆಗೆ ನಡುವೆ ಕಪ್ಪು ಕಾಗದ ಸುತ್ತಿ, ಗಿಡವನ್ನು ಬಿಸಿಲಿಗಿಟ್ಟು, ಆಮೇಲೆ ಎಲೆಯನ್ನು ಸ್ಪಿರಿಟ್ಟಿನಲ್ಲಿ ಬೇಯಿಸಿ ಅಯೊಡೀನ್ ಹಾಕಬೇಕು. ಬಿಸಿಲು ಬಿದ್ದ ಕಡೆ ಎಲೆ ಮಾಡಿಕೊಂಡ ಪಿಷ್ಟ ಕಡುನೀಲಿಯಾಗುತ್ತದೆ, ಕಾಗದದ ಅಡಿ ಆಗುವುದಿಲ್ಲ. ನೀವು ಗಿಡವನ್ನು ಬೀರುವಿನ ಹಿಂದೆ ಇರಿಸಿ, ನಾಲ್ಕು ದಿನ ಮರೆತಿರಿ. ನೆನಪಾದದ್ದು ಆ ಬೆಳಿಗ್ಗೆ. ಆಗ ನನ್ನನ್ನು ಕರೆದು, "ನಿಮ್ಮನೇಲಿ ಸೀರೆಗೆ ಹಾಕೋ ಗಂಜಿ ಇದ್ರೆ ಒಂದು ಸೀಸೇಲಿ ತಂದ್ಬಿಡಿ ಮಿಸ್, ಚಾರ್ಟ್ ಅಂಟಿಸ್ಬೇಕು" ಎಂದಿರಿ. ಮನೆ ಹತ್ತಿರವೇ ಇದ್ದದ್ದರಿಂದ ಓಡಿಹೋಗಿ ತಂದೆ. ನೀವು ಹೇಳಿದ್ದನ್ನು ನಂಬಿದೆ.

ಮುಂದಿನದನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ನಿಮ್ಮ ಎಲೆ ಎಷ್ಟು ಚೆನ್ನಾಗಿ ನೀಲಿಯಾಯಿತು, ನಡುವೆ ಗೆರೆ ಹೊಡೆದ ಹಾಗೆ ಬಿಳಿ ಪಟ್ಟಿ. ಇನ್‌ಸ್ಪೆಕ್ಟರಿಗೆ ಖುಷಿಯಾಗಿ, ಅದೇ ಗಿಡದ ಇನ್ನೊಂದು ಎಲೆಯಲ್ಲಿ ಯಾರಾದರೂ ಹುಡುಗಿ ಮಾಡಲಿ ಎಂದರು. ಮಹಾನಂದ ಎದ್ದಳು. ಅವಳು ಎಲೆ ಬೇಯಿಸುವಷ್ಟು ಹೊತ್ತು ಅವರು ಕೇಸರಿಬಾತು ತಿಂದು ಕಾಫಿ ಕುಡಿದರು. ಅವಳ ಎಲೆ ನೀಲಿಯಾಗಲಿಲ್ಲ.

"ಏನಮ್ಮ, ನಿನ್ನೆಲೆ ಇವತ್ತು ಏಕಾದಶೀನಾ?" ಎಂದರು.

"ಗಿಡ ನಾಲ್ಕು ದಿನ ಬೀರು ಹಿಂದಿತ್ತು ಸಾರ್. ಬಿಸಿಲಿಲ್ದೆ ಏನು ಮಾಡ್ಕೊಳ್ಳತ್ತೆ?"

"ಮತ್ತೆ ಮೇಷ್ಟ್ರ ಎಲೆ?"

ಅವಳು ನಿಮ್ಮ ಎಲೆಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದಳು. "ಇದು ಗಂಜಿ ಸಾರ್, ಅದೂ ಪಿಷ್ಟಾನೇ. ನಮ್ಮಪ್ಪಂದು ಅಕ್ಕಿಪೇಟೇಲಿ ಅಕ್ಕಿ ಮಂಡಿ."

ಆಗ ನೀವು ಏನು ಹೇಳಿದಿರಿ ಎನ್ನುವುದನ್ನು ಬರೆಯಲು ನನಗೆ ಅಸಹ್ಯ. ಆದರೂ ಬರೆಯುತ್ತೇನೆ, ನೀವು ಓದಬೇಕು. "ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಹಗೆ ಸಾಧಿಸ್ತಿದಾಳೆ ಸಾರ್. ಮನೆ ತುಂಬ ಅಕ್ಕಿ, ಗಂಜಿಗೇನು ಬರ? ಇವಳೇ ಹಚ್ಚಿದಾಳೆ." ಇನ್‌ಸ್ಪೆಕ್ಟರು ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು, ಪಾಠ ತೃಪ್ತಿಕರ ಎಂದು ಬರೆದು ಹೋದರು. ಮಹಾನಂದ ತಿರುಗಿ ನನ್ನನ್ನು ನೋಡಿದಳು. ಬೆಳಿಗ್ಗೆ ನಾನು ಸೀಸೆ ತಂದದ್ದನ್ನು ಅವಳು ಕಂಡಿದ್ದಳು. ನಾನು ಸೆರಗಿನ ಅಂಚು ನೋಡುತ್ತ ಕೂತೆ. ಅವಳು ನನ್ನ ಹೆಸರೆತ್ತಲಿಲ್ಲ.

ಅವಳ ಪರೀಕ್ಷೆಯ ಅರ್ಜಿಗೆ ಹೆಡ್‌ಮಾಸ್ಟರು ಸಹಿ ಹಾಕುವುದಿಲ್ಲವಂತೆ, ನಾಳೆ ವಿಚಾರಣೆಯಂತೆ. ಅವಳ ತಂದೆ ವೃಷಭೇಂದ್ರಪ್ಪನವರು, "ಇಷ್ಟು ಹೆಸರು ಕೆಡಿಸ್ಕೊಂಡು ಓದಿದ್ದು ಸಾಕು, ಮನೇಲಿರ್ಲಿ" ಎಂದುಬಿಟ್ಟಿದ್ದಾರೆ. ನನ್ನ ಒಂದು ಸಹಿ ಬಿದ್ದರೆ ಅವಳ ಓದು ಅಲ್ಲಿಗೇ ಮುಗಿಯಿತು. ನೀವು ಅದಕ್ಕೆ ಮದುವೆಯ ಹೂವು ಮುಡಿಸಿ ಕಳಿಸಿದಿರಿ.

ಇವತ್ತು ಬೆಳಿಗ್ಗೆ ನನ್ನದೇ ಒಂದು ಹೇಳಿಕೆ ಬರೆದುಕೊಂಡು ಹನುಮಂತನಗರಕ್ಕೆ ನಡೆದೆ. ನಂಜುಂಡಯ್ಯನವರು ಜಗಲಿಯಲ್ಲಿ ಕೂತು ಅರ್ಜಿಗಳಿಗೆ ಸಹಿ ಹಾಕುತ್ತಿದ್ದರು. ಮಹಾನಂದಳ ಅರ್ಜಿ ಮಾತ್ರ ಬೇರೆ ಇತ್ತು. ನನ್ನ ಹಾಳೆಯನ್ನು ಎರಡು ಸಲ ಓದಿ, "ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲಮ್ಮ" ಎಂದರು. "ಮನೆಗೆ ಹೋಗಿ, ಯೋಚನೆ ಮಾಡಿ" ಎಂದರು. ನಾನು ಹೊರಡಲಿಲ್ಲ. ನಿಂತೇ ಇದ್ದೆ. ಅವರು ಪತ್ರಿಕೆ ಓದಿದರು, ಒಳಗೆ ಹೋಗಿ ಬಂದರು, ಕೂತ್ಕೊಳ್ಳಿ ಎಂದರು. ಬೆಂಚಿನ ಮೇಲೆ ಅವಳು ನಿಂತಷ್ಟು ಹೊತ್ತಾದರೂ ಆಗಿರಬೇಕು. ಕೊನೆಗೆ, "ಇದರದ್ದು ಇನ್ನೊಂದು ಪ್ರತಿ ಇನ್‌ಸ್ಪೆಕ್ಟರಿಗೆ ಹೋಗಿದೆಯೇನು?" ಎಂದು ಕೇಳಿದರು. ನಾನು ಅದಕ್ಕೂ ಏನೂ ಹೇಳಲಿಲ್ಲ. ಅವರು ನನ್ನ ಮುಖ ನೋಡಿ, ಅರ್ಜಿಯನ್ನು ಎಳೆದುಕೊಂಡು ಸಹಿ ಹಾಕಿದರು. ಆಮೇಲೆ, "ನಾಳೆಯಿಂದ ನೀವು ಬರೋದು ಬೇಡ" ಎಂದರು. ಪ್ರತಿ ಆಗ ಇರಲಿಲ್ಲ. ಮನೆಗೆ ಬಂದು ಬರೆದಿಟ್ಟಿದ್ದೇನೆ.

ಬರುವಾಗ ಅಕ್ಕಿಪೇಟೆಗೂ ಹೋಗಿದ್ದೆ. ಮಹಾನಂದಳ ತಂದೆಗೆ ನಾನು ಹೇಳಬೇಕಾದದ್ದು ಒಂದೇ ವಾಕ್ಯವಿತ್ತು, ಅದನ್ನು ಗಟ್ಟಿಯಾಗಿಯೇ ಹೇಳಿದೆ. ಅವರು ತಕ್ಕಡಿ ಬಿಟ್ಟು ಎದ್ದು ನಿಂತರು. ನಾಳೆ ಅವಳು ಶಾಲೆಗೆ ಬರುತ್ತಾಳೆ. ಅವಳು ಪ್ರಶ್ನೆ ಕೇಳಿದರೆ, ಈ ಸಲ ಓದಿಕೊಂಡು ಉತ್ತರ ಹೇಳಿ.

ನಿಮ್ಮ ತಾಯಿಯವರ ತಟ್ಟೆ, ನಿಮ್ಮ ಹೇಳಿಕೆ, ಜಾತಕ ಎಲ್ಲವನ್ನೂ ಹಿಂದಕ್ಕೆ ಕಳಿಸಿದ್ದೇನೆ. ಬಾಳೆಹಣ್ಣು ಮಾತ್ರ ಮನೆಯವರು ತಿಂದಾಗಿತ್ತು.

ಇನ್ನು ನಿಮ್ಮ ಟಿಪ್ಪಣಿಗಳಿಗೆ ಬಣ್ಣ ಬಳಿಯದ,
ಆಂಡಾಳ್

ಮತ್ತೊಂದು ಮಾತು: ಮೇಲೆ, ಗಂಜಿ ಚಾರ್ಟ್ ಅಂಟಿಸುವುದಕ್ಕೆ ಎಂದು ನಂಬಿದೆ ಎಂದು ಬರೆದಿದ್ದೇನೆ. ಅದು ಸುಳ್ಳು. ನಿಮ್ಮ ಮೇಜಿನ ಮೇಲೆ ತುಂಬಿದ ಗೋಂದಿನ ಸೀಸೆ ಇತ್ತು, ನಾನು ನೋಡಿದ್ದೆ. ಆ ಪಾಠವನ್ನು ಕನ್ನಡಕ್ಕೆ ತಂದವಳಿಗೆ ಗಂಜಿ ಯಾಕೆಂದು ಬೇರೆ ಹೇಳಬೇಕಾಗಿರಲಿಲ್ಲ. ಟಿಪ್ಪಣಿಯ ಕೆಲಸ ಬಿಟ್ಟರೆ ನೀವು ಮೊದಲ ಸಲ ನನ್ನನ್ನು ಏನೋ ಕೇಳಿದ್ದಿರಿ, ಅಷ್ಟಕ್ಕೇ ಓಡಿದೆ. ನಿಮಗೆ ಬರೆಯುವಾಗಲೂ ಅದನ್ನು ಮುಚ್ಚಿಡಲು ನೋಡಿದೆ. ನಂಜುಂಡಯ್ಯನವರಿಗೆ ಕೊಟ್ಟ ಹೇಳಿಕೆಯಲ್ಲಿ ಮುಚ್ಚಿಟ್ಟಿಲ್ಲ. ಅದರ ಮೊದಲ ವಾಕ್ಯವೇ ಅದು: ಗಂಜಿ ತಂದವಳು ನಾನು, ಯಾಕೆಂದು ತಿಳಿದೇ ತಂದೆ. ಅಕ್ಕಿಪೇಟೆಯಲ್ಲಿ ಗಟ್ಟಿಯಾಗಿ ಹೇಳಿದ್ದೂ ಅದನ್ನೇ.