ದೊಡ್ಡಪ್ಪನನ್ನು ನಿಲ್ಲಿಸಿದ ಬಗೆ

ಅಪ್ಪಾ, ನಿಮ್ಮ ನೀಲಾಳ ಶರಣಾರ್ಥಿ.

ಎಲ್ಲಕ್ಕಿಂತ ಮೊದಲು ನೆನಪಾಗುವುದು ಒಂದು ಸದ್ದು. ನಾನಾಗ ಏಳನೆಯ ತರಗತಿಯ ಹುಡುಗಿ. ಬುತ್ತಿ ಹೊತ್ತು ಬದುವಿನ ಮೇಲೆ ಬರುತ್ತಿದ್ದೆ. ಭೀಮೆ ಇಳಿದ ಮೇಲೆ ಮಣ್ಣೂರಿನ ದಂಡೆಯಲ್ಲಿ ಉಳಿದ ಮೆಕ್ಕಲು ಮಣ್ಣಿನ ಪಟ್ಟಿ ಯಾರದೆಂದು ಪ್ರತಿವರ್ಷ ನಡೆಯುತ್ತಿದ್ದ ಬೈಗುಳ ಆ ವರ್ಷ ಬೈಗುಳದಲ್ಲಿ ಮುಗಿಯಲಿಲ್ಲ. ನಿಮ್ಮ ದಾಯಾದಿಯ ಮಗ ಕೊಡಲಿಯನ್ನು ತಿರುವಿ ಹಿಡಿದು, ಅದರ ಹಿಂಬದಿಯಿಂದ ನಿಮ್ಮ ಬೆನ್ನಿಗೆ ಎರಡು ಸಲ ಹೊಡೆದ ಸದ್ದು ಅದು. ನೀವು ಕೂಗಲೂ ಇಲ್ಲ. ಸೊಂಟದ ಕೆಳಗಿನ ದೇಹವನ್ನು ಯಾರೋ ಕಿತ್ತುಕೊಂಡಂತೆ ಕುಸಿದಿರಿ. ದೊಡ್ಡಪ್ಪ ಹಾರೆ ಹಿಡಿದು ಓಡಿಬಂದು ಅವನ ಮೊಣಕೈ ಒಡೆದರು. ಬಿಳಿಯ ಮೂಳೆ ಚರ್ಮ ಹರಿದು ಹೊರಬಂದದ್ದನ್ನು ನೋಡಿ ನಾನು ಸಂತೋಷಪಟ್ಟೆ. ಅದನ್ನು ನಿಮಗೆ ಎಂದೂ ಹೇಳಿರಲಿಲ್ಲ.

ಸೊಲ್ಲಾಪುರದ ಆಸ್ಪತ್ರೆಯಿಂದ ಮರಳಿದ ದಿನ ವೈದ್ಯರು ಕೊಟ್ಟ ಕಾಗದ ಅವ್ವನ ಸೆರಗಿನ ಗಂಟಿನಲ್ಲಿತ್ತು. ಅದರಲ್ಲಿದ್ದದ್ದು ಒಂದು ಮರದ ಚೌಕಟ್ಟಿನ ಚಿತ್ರ: ನೆಲಕ್ಕೆ ಅಗಲವಾದ ಹಲಗೆ, ಎದೆಯ ಮಟ್ಟಕ್ಕೆ ಒರಗು, ಮೊಣಕಾಲು, ಸೊಂಟ ಮತ್ತು ಎದೆಗೆ ಚರ್ಮದ ಪಟ್ಟಿ. ದಿನಕ್ಕೆ ಒಂದು ಗಂಟೆ ಇದರಲ್ಲಿ ನಿಲ್ಲಿಸಿರಿ ಎಂದಿದ್ದರು. ಏಕೆಂದು ನಮಗೆ ತಿಳಿದಿರಲಿಲ್ಲ. ಅಫಜಲಪುರದ ಬಡಿಗ ಅದನ್ನು ಬೇವಿನ ಮರದಲ್ಲಿ ಮಾಡಿಕೊಟ್ಟ. ಒಂದು ವರ್ಷ ಮಲಗಿಯೇ ಇದ್ದ ನೀವು ಅಂಗಳದಲ್ಲಿ ಮೊದಲ ಸಲ ನೇರವಾಗಿ ನಿಂತು, ನನ್ನನ್ನು ಮೇಲಿನಿಂದ ನೋಡಿ, "ಏನಬೇ ನೀಲಾ, ನೀ ಇಷ್ಟು ಗಿಡ್ಡ ಅದಿ ಏನು?" ಎಂದಿರಿ. ಅವ್ವ ನಕ್ಕಳು. ಆ ನಗು ಮುಗಿಯುವುದರೊಳಗೆ...

ದೊಡ್ಡಪ್ಪ ತಲೆಬಾಗಿಲಲ್ಲಿ ನಿಂತಿದ್ದರು. ನಮ್ಮೂರಲ್ಲಿ ಸಿಕ್ಕಿಬಿದ್ದ ಕಳ್ಳರನ್ನು ಚಾವಡಿಯ ಕಂಬಕ್ಕೆ ಬಿಗಿದು ಹೊಡೆಯುತ್ತಿದ್ದರಲ್ಲ. ಹೊಡೆಯಲು ಮುಂದಾಗುತ್ತಿದ್ದವರಲ್ಲಿ ದೊಡ್ಡಪ್ಪನೂ ಒಬ್ಬರು. ಅವರ ಕಣ್ಣಿಗೆ ಆ ಪಟ್ಟಿಗಳು ಬೇರೆ ಏನಾಗಿ ಕಂಡಾವು?

"ನನ್ನ ತಮ್ಮ ಏನು ತುಡುಗ ಮಾಡ್ಯಾನ? ಕಂಬಕ್ಕ ಬಿಗಿದೀರಲ್ಲ ಅವನ್ನ. ಊರ ಮಂದಿ ಗ್ವಾಡಿ ಮ್ಯಾಲಿಂದ ನೋಡಾಕತ್ತಾರ."

"ಡಾಕ್ಟರ್ ಹೇಳ್ಯಾರ್ರಿ ಭಾವಾರ," ಎಂದಳು ಅವ್ವ.

"ಡಾಕ್ಟರ್‌ಗ ಏನ್ ಗೊತ್ತು ಈ ಮನೆತನ? ಮಲಕೊಂಡು ಉಣ್ಲಿ ನನ್ನ ತಮ್ಮ. ಅವನ ಕಾಲು ನಾ ಅದೀನಿ."

ನಿಮ್ಮನ್ನು ಬಿಚ್ಚಿ, ಮಗುವಿನಂತೆ ಎತ್ತಿ ಮಂಚದ ಮೇಲೆ ಮಲಗಿಸಿ, ಬಳಿಕ ಕೊಡಲಿ ತಂದು ಆ ಚೌಕಟ್ಟನ್ನು ಒಲೆಗಾಗುವಷ್ಟು ಸಣ್ಣಗೆ ಕಡಿದರು. ಅಡ್ಡ ಹೋದ ನನ್ನ ಕೆನ್ನೆಗೆ ಬಿದ್ದ ಏಟಿಗೆ ಒಂದು ಹಲ್ಲು ಅಲುಗಾಡಿತು. ನೀವು ಮನೆಯ ಮಾಡು ನೋಡುತ್ತಾ ಮಲಗಿದ್ದಿರಿ. ಏಕೆ ಮಾತಾಡಲಿಲ್ಲ, ಅಪ್ಪಾ? ನಿಮಗೂ ನಾಚಿಕೆಯಾಗಿತ್ತೇ?

ನೀವು ಲಿಂಗೈಕ್ಯರಾದ ಬೆಳಗನ್ನು ಬರೆಯದೆ ಈ ಪತ್ರ ಮುಂದೆ ಸಾಗದು. ನಾಲ್ಕು ವರ್ಷ ಮಲಗಿದ್ದ ಬೆನ್ನಿನಲ್ಲಿ ಮುಷ್ಟಿ ಹೋಗುವಷ್ಟು ಹುಣ್ಣು. ಮೂತ್ರದಲ್ಲಿ ಕೀವು, ಕಡೆಗೆ ಜ್ವರ. ನಮ್ಮವರ ಪದ್ಧತಿಯಂತೆ ನಿಮ್ಮನ್ನು ಪದ್ಮಾಸನದಲ್ಲಿ ಕೂರಿಸಬೇಕಿತ್ತು. ಕೋಲಿನಂತೆ ಸೆಟೆದ ಮೊಣಕಾಲುಗಳು ಮಡಚಲಿಲ್ಲ. ಹಿರಿಯರೊಬ್ಬರು, "ಹಂಗs ಮಲಗಿಸಿ ಒಯ್ಯೋಣು," ಎಂದರು. ದೊಡ್ಡಪ್ಪ ಒಪ್ಪಲಿಲ್ಲ. ಅಳುತ್ತಲೇ ನಿಮ್ಮ ತೊಡೆಯ ಮೇಲೆ ಮಂಡಿಯೂರಿ, ಎರಡೂ ಕೈಯಿಂದ ಮೀನಖಂಡ ಹಿಡಿದು ಒತ್ತಿದರು. ಒಣಗಿದ ತೊಗರಿ ಕಟ್ಟಿಗೆ ಮುರಿದಂತೆ ಸದ್ದಾಯಿತು. ಮತ್ತೊಂದು ಕಾಲಿಗೂ ಹಾಗೆಯೇ.

ಮೂಳೆ ಅಷ್ಟು ಸುಲಭವಾಗಿ ಹೇಗೆ ಮುರಿಯಿತೆಂಬ ಪ್ರಶ್ನೆಗೆ ಉತ್ತರ ದೊರೆತದ್ದು ನನ್ನ ಫಿಸಿಯೋಥೆರಪಿ ಓದಿನ ಎರಡನೆಯ ವರ್ಷದಲ್ಲಿ, ಒಂದು ಮಧ್ಯಾಹ್ನದ ಪಾಠದಲ್ಲಿ. ಭಾರ ಹೊರದ ಮೂಳೆ ತನ್ನ ಸುಣ್ಣವನ್ನು ಕಳೆದುಕೊಂಡು ಟೊಳ್ಳಾಗುತ್ತದೆ. ನಿಂತಾಗ ದೇಹದ ತೂಕ ಅದರ ಮೇಲೆ ಬಿದ್ದು ಮೂಳೆ ಗಟ್ಟಿಯುಳಿಯುತ್ತದೆ. ಸೆಟೆಯುವ ಸ್ನಾಯು ಹಿಗ್ಗುತ್ತದೆ. ಮೂತ್ರ ಕೋಶದಲ್ಲಿ ನಿಲ್ಲದೆ ಇಳಿಯುತ್ತದೆ. ಬೆನ್ನಿನ ಚರ್ಮಕ್ಕೆ ಬಿಡುವು ಸಿಗುತ್ತದೆ. ಅಧ್ಯಾಪಕರು ಹೇಳುತ್ತಾ ಹೋದ ಒಂದೊಂದೂ ನಿಮ್ಮ ಒಂದೊಂದು ಸಾವು. ಸಹಪಾಠಿಗಳು ಬರೆದುಕೊಂಡರು. ನನಗೆ ಬರೆದುಕೊಳ್ಳುವ ಅಗತ್ಯವಿರಲಿಲ್ಲ. ಇಡೀ ತರಗತಿಗೆ ನಾನೇ ಮೊದಲಿಗಳಾಗಿ ತೇರ್ಗಡೆಯಾದೆ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲವೆಂದರೆ ಸುಳ್ಳಾದೀತು.

ಈಗ ನೀವು ಕೇಳದ ಸುದ್ದಿ. ಕಳೆದ ಸುಗ್ಗಿಯಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಬಾಗಿಲಿಗೆ ಬಂದ ಜೀಪಿನಿಂದ ಇಳಿಸಿದ್ದು ದೊಡ್ಡಪ್ಪನನ್ನು. ಅದೇ ಮೆಕ್ಕಲು ಮಣ್ಣಿನ ಪಟ್ಟಿ, ಅದೇ ದಾಯಾದಿ ಮನೆಯವರು. ಈ ಸಲ ಕಲ್ಲು ಎತ್ತಿ ಬೆನ್ನಿನ ಮೇಲೆ ಹಾಕಿದ್ದರು. ತಿಂಗಳುಗಳ ಬಳಿಕ ಶಸ್ತ್ರವೈದ್ಯರು, "ಇನ್ನು ನಿಲ್ಲಿಸಬಹುದು," ಎಂದು ನನ್ನ ಕೈಗೆ ಒಪ್ಪಿಸಿದರು.

ಮೊದಲ ದಿನ ಅವರನ್ನು ಟಿಲ್ಟ್ ಟೇಬಲ್ ಮೇಲೆ ಮಲಗಿಸಿದೆ. ಮಲಗಿದ್ದಂತೆಯೇ ದೇಹವನ್ನು ಪಟ್ಟಿಗಳಿಂದ ಬಿಗಿದು, ಹಿಡಿಕೆ ತಿರುವಿ, ಇಷ್ಟಿಷ್ಟೇ ಡಿಗ್ರಿಯೆಂದು ಮೇಲೆತ್ತುತ್ತಾ ನಿಲ್ಲಿಸುವ ಮೇಜು ಅದು. ಬಹುಕಾಲ ಮಲಗಿದವರನ್ನು ಒಮ್ಮೆಲೇ ಎತ್ತಿದರೆ ರಕ್ತ ಕಾಲಿಗಿಳಿದು ತಲೆ ಬರಿದಾಗುತ್ತದೆ. ಆದ್ದರಿಂದ ಮೂವತ್ತರಿಂದ ಆರಂಭಿಸಬೇಕು. ನನಗಿಂತ ಚೆನ್ನಾಗಿ ಅದು ಯಾರಿಗೆ ತಿಳಿದಿತ್ತು?

"ಬಿಗೀಬ್ಯಾಡ ತಂಗಿ," ಎಂದರು ದೊಡ್ಡಪ್ಪ. "ಮಂದಿ ಅದಾರ."

ಆ ಮಾತು ಕೇಳಿದ್ದೇ ತಡ, ಎದೆಯ ಪಟ್ಟಿಯನ್ನು ಉಸಿರು ಹಿಡಿಯುವಷ್ಟು ಬಿಗಿದೆ. ಹಿಡಿಕೆ ತಿರುವಿದೆ. ಮೂವತ್ತು ದಾಟಿತು, ಅರವತ್ತು ದಾಟಿತು. ನಿಲ್ಲಿಸಲಿಲ್ಲ. ತೊಂಬತ್ತರಲ್ಲಿ ಅವರ ಮುಖ ಬೂದಿಯಾಯಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು, ತಲೆ ಒಂದು ಬದಿಗೆ ಜೋತುಬಿತ್ತು. ನಾನು ಎಷ್ಟು ಹೊತ್ತು ನೋಡುತ್ತಾ ನಿಂತೆ, ಅಪ್ಪಾ? ಮೂರು ಉಸಿರು? ನಾಲ್ಕು? ಅಷ್ಟು ಹೊತ್ತು ನನ್ನ ಕೈಯಲ್ಲಿದ್ದದ್ದು ಹಿಡಿಕೆಯಲ್ಲ, ಆಯುಧ. ಬಳಿಕ ಕೆಳಗಿಳಿಸಿ ಕಾಲು ಎತ್ತಿ ಹಿಡಿದೆ. ನಾಡಿ ಮರಳಿತು. ಓಡಿಬಂದ ನರ್ಸಿಗೆ, "ತಲೆ ಸುತ್ತಿತು, ಆಗುವುದೇ," ಎಂದೆ. ಅವಳು ನಂಬಿದಳು. ತರಗತಿಯ ಮೊದಲಿಗಳು ತಪ್ಪು ಮಾಡುತ್ತಾಳೆಯೇ?

ಮರುದಿನ ಮೂವತ್ತರಿಂದ ಆರಂಭಿಸಿದೆ. ಮೂರು ದಿನಕ್ಕೊಮ್ಮೆ ಐದು ಡಿಗ್ರಿ. ಕಾಲಿನ ಸೆಟೆತ ಸಡಿಲಿತು, ಮೂತ್ರ ತಿಳಿಯಾಯಿತು, ಸೊಂಟದ ಹುಣ್ಣಿನ ಅಂಚಿನಲ್ಲಿ ಎಳೆಯ ಚರ್ಮ ಮೂಡಿತು. ನಿಮಗೆ ಆಗಬಹುದಾಗಿದ್ದ ಎಲ್ಲವೂ ಕಣ್ಣೆದುರೇ ಅವರಿಗಾಗುತ್ತಿದ್ದುದನ್ನು ಸಹಿಸುವುದು ಆ ತೊಂಬತ್ತಕ್ಕಿಂತ ಕಠಿಣವಾಗಿತ್ತು. ಇಂದು ಬೆಳಿಗ್ಗೆ ಪಟ್ಟಿ ಕಟ್ಟುವಾಗ ತಡೆಯಲಾರದೆ ಹೇಳಿದೆ: "ದೊಡ್ಡಪ್ಪಾ, ಮೊದಲನೇ ದಿನ ಆಗಿದ್ದು ತಪ್ಪಿ ಆಗಿದ್ದಲ್ಲರಿ. ನಾ ಬೇಕಂತs ಮಾಡೇನಿ."

ಅವರು ಎದೆಯ ಪಟ್ಟಿಯನ್ನು ತಾವೇ ಸರಿಮಾಡಿಕೊಂಡರು.

"ನಂಗ ಗೊತ್ತೈತಿ. ಕಣ್ಣಿಗಿ ಕತ್ತಲಿ ಬರೋ ಮುಂಚೆ ನಿನ್ನ ಮಾರಿ ನೋಡಿದ್ದೆ."

"ಮತ್ತ ಮರುದಿನ ನನ್ನ ಕೈಯಾಗ ಯಾಕ ಬಂದ್ರಿ?"

"ನನ್ನ ತಮ್ಮನ ಕಾಲು ಮುರಿದ ಸಪ್ಪಳ ನೀ ಒಬ್ಬಾಕೀನs ಕೇಳೀದಿ ಅಂತ ತಿಳಕೊಂಡಿಯೇನು? ಹೆಚ್ಚು ಶಾಣ್ಯಾಕಿ ಆಗಬ್ಯಾಡ. ಏಳಸು. ಇವತ್ತ ಎಷ್ಟು?"

"ಎಪ್ಪತ್ತು," ಎಂದೆ.

ಅವರನ್ನು ಕ್ಷಮಿಸಿದೆಯಾ ಎಂದು ಕೇಳಬೇಡಿ. ನಾಳೆ ಎಪ್ಪತ್ತೈದಕ್ಕೆ ಏರಿಸುತ್ತೇನೆ, ಅಪ್ಪಾ, ಅವರ ನಾಡಿಯ ಮೇಲೆ ಬೆರಳಿಟ್ಟುಕೊಂಡೇ.

ನಿಮ್ಮ
ನೀಲಾ