ಉಳಿದುಹೋದ ಹಸಿರು ವೈರ್

ಮಂಗಳವಾರ, ಹದಿನಾಲ್ಕು. ರಾತ್ರಿ.

ಬಚ್ಚಲಮನೆಯ ಗೀಸರ್‌ಗೆ ಯಜಮಾನರು ಇವತ್ತು ತಾವೇ ಹೊಸ ವೈರ್ ಹಾಕಿದರು. ನನ್ನ ತಮ್ಮನಿಗೆ ಲೈಸೆನ್ಸ್ ಇದೆ, ಕರೆಯೋಣ ಅಂದೆ. ಲೈಸೆನ್ಸ್ ಇಲ್ಲದವರು ಇದಕ್ಕೆ ಕೈ ಹಾಕಬಾರದು ಅಂತ ಕಾನೂನೇ ಇದೆ ಅಂತಲೂ ಅಂದೆ.

"ನನ್ನ ಮನೆ ಗೋಡೆಗೆ ಯಾರ ಕಾನೂನು? ಭಾವಮೈದುನನ ಮುಂದೆ ಕೈ ಕಟ್ಟಿ ನಿಲ್ಲಬೇಕಾ?" ಅಂತ ಸಿಡುಕಿದರು.

ನೀರೇನೋ ಕಾಯಿತು. ಮೀಸೆ ತಿರುವಿದ್ದೇ ತಿರುವಿದ್ದು. "ನೋಡು, ಒಂದು ವೈರ್ ಉಳಿಸಿಬಿಟ್ಟೆ" ಅಂತ ಹಸಿರು ವೈರಿಗೆ ಟೇಪ್ ಸುತ್ತಿ ಒಳಗೆ ತುರುಕಿದರು.

ಮಲಗುವ ಮುಂಚೆ ಕೈ ತೊಳೆದು ಬಂದ ಮಗಳು, "ಅಮ್ಮಾ, ನಲ್ಲಿ ಕಚಗುಳಿ ಇಡುತ್ತೆ" ಅಂತ ನಕ್ಕಳು. ನಲ್ಲಿಗೆ ಕರೆಂಟ್ ಬರ್ತಿದೆ! ಇವರಾಗಲೇ ಗೊರಕೆ ಹೊಡೆಯುತ್ತಿದ್ದರು. ತಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ.

"ಅಕ್ಕಾ, ಅದು ಅರ್ತಿಂಗು, ಜೀವ ಕಾಯೋದೇ ಆ ಹಸಿರು ವೈರ್! ಮೊದಲು ಮೇನ್ ಆಫ್ ಮಾಡು. ಬೆಳಗ್ಗೆ ಬರ್ತೀನಿ, ಅಲ್ಲೀವರೆಗೂ ಯಾರೂ ಅದನ್ನ ಮುಟ್ಟಬೇಡಿ."

ಮೇನ್ ಆಫ್ ಮಾಡಿ ಬಂದು ಟಾರ್ಚ್ ಬೆಳಕಲ್ಲಿ ಬರೀತಿದ್ದೀನಿ. ಆ ನಲ್ಲಿಯನ್ನ ಅವಳು ಇನ್ನೊಂದು ಗಳಿಗೆ ಹಿಡಕೊಂಡಿದ್ದರೆ...

ಫ್ಯಾನ್ ನಿಂತ ಸೆಕೆಗೆ ಇವರಿಗೆ ಎಚ್ಚರವಾಯಿತು.

"ಕರೆಂಟ್ ಹೋಯ್ತಾ?"

"ಹೂಂ" ಅಂದೆ.

ಎದ್ದು ಕೂತು ಕತ್ತಲಲ್ಲೇ ಚಪ್ಪಲಿ ತಡಕಾಡ್ತಿದ್ದಾರೆ. "ತಡಿ, ನಾನೇ ನೋಡ್ತೀನಿ."